ಕೆರೆ ಕಡೆಯ ಗೇಟು

ಭಾನುವಾರ ಅಪಾರ್ಟ್‌ಮೆಂಟಿನ ಮೀಟಿಂಗ್ ಮುಗಿಸಿ ಅಪ್ಪ ಮನೆಗೆ ಬಂದಾಗ ಅಮ್ಮ ಮೆಷಿನ್ ಮುಂದೆ ಕೂತು ಆಸ್ಪತ್ರೆಯ ಆಯಾ ಒಬ್ಬಳ ನೀಲಿ ಅಂಗಿಗೆ ಕಾಲರ್ ಕೂರಿಸುತ್ತಿದ್ದಳು. ಅಪ್ಪ ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದ.

"ಕೆರೆ ಕಡೆ ಗೇಟಿಗೆ ನಾಳೆಯಿಂದ ಬೀಗ. ಜವಾಬ್ದಾರಿ ನನಗೇ ಕೊಟ್ಟಿದಾರೆ."

ಮೆಷಿನ್ ತುಳಿಯುತ್ತಿದ್ದ ಅಮ್ಮನ ಕಾಲು ನಿಂತಿತು. "ಯಾರು ಹೇಳಿದ್ದು ಬೀಗ ಹಾಕಿ ಅಂತ?"

"ಎಲ್ಲರೂ. ಕೈ ಎತ್ತಿಸಿ ನೋಡಿದ್ರು."

"ನಮ್ಮನೆ ಕೈ?"

"ಮನೆಗೊಂದೇ ಓಟು. ನಾನು ಎತ್ತಿದೆ."

"ಬೀಗ ಬೇಡ ಅಂತ ಎತ್ತಿದ್ರೋ, ಬೇಕು ಅಂತ ಎತ್ತಿದ್ರೋ?"

ಅಪ್ಪ ಬಿಟ್ಟ ಚಪ್ಪಲಿಯನ್ನೇ ಕಾಲಿನಿಂದ ನೇರ ಮಾಡತೊಡಗಿದ. "ಎಲ್ಲರೂ ಎತ್ತಿದಾಗ ನಾನೊಬ್ಬ ಕೈ ಕಟ್ಕೊಂಡು ಕೂರೋಕಾಗುತ್ತಾ?"

"ಊರಿಗೆ ಉಪಕಾರಿ, ಮನೆಗೆ ಮಾರಿ," ಅಂದಳು ಮಂಚದ ಮೇಲಿದ್ದ ಅಜ್ಜಿ. ಅಪ್ಪನನ್ನು ಹೆತ್ತವಳು ಅವಳೇ, ಆದ್ದರಿಂದ ಅವನಿಗೆ ಬೈಯುವ ಹಕ್ಕಿನಲ್ಲಿ ಅವಳದು ಮೊದಲನೆಯ ಸರದಿ.

"ನೀನು ಸುಮ್ಮನೆ ಬಟಾಣಿ ಬಿಡಿಸಮ್ಮ."

"ಬಿಡಿಸ್ತಾನೇ ಇದ್ದೀನಿ. ಬಾಯಿಗೇನು ಬಟಾಣಿ ತುಂಬ್ಕೊಂಡಿಲ್ಲ."

ನಮ್ಮ ಅಪಾರ್ಟ್‌ಮೆಂಟಿನ ಮುಂದೆ ದೊಡ್ಡ ರಸ್ತೆ, ಹಿಂದೆ ಪಾರ್ಕು, ಪಾರ್ಕಿಗೆ ಹೊಂದಿಕೊಂಡು ಕೆರೆ. ಕೆರೆಯ ಆಚೆ ದಡದಲ್ಲಿ ಒಂದಕ್ಕೊಂದು ಅಂಟಿಕೊಂಡ ಸಣ್ಣ ಮನೆಗಳು. ಮೊನ್ನೆಮೊನ್ನೆಯವರೆಗೆ ನಾವೂ ಅಲ್ಲೇ ಬಾಡಿಗೆಗೆ ಇದ್ದವರು. ಅಪ್ಪ ಬಸ್ ಕಂಡಕ್ಟರಾಗಿ ಸೇರಿ, ಟಿಕೆಟ್ ಚೆಕಿಂಗ್ ಇನ್‌ಸ್ಪೆಕ್ಟರಾಗಿ ನಿವೃತ್ತನಾದ. ಅವನ ನಿವೃತ್ತಿಯ ಹಣ, ಅಮ್ಮನ ಹೊಲಿಗೆಯ ಹಣ ಎರಡೂ ಸೇರಿ ಈ ಮೂರನೇ ಮಹಡಿಯ ಫ್ಲಾಟ್ ಆಯಿತು. ಮಾರಿದವನು ಕೆರೆ ಕಾಣುತ್ತದೆ ಎಂದು ಹೇಳಿಯೇ ಹೆಚ್ಚಿಗೆ ಕಿತ್ತುಕೊಂಡ. ಕಾಣುತ್ತದೆ, ಇಲ್ಲವೆನ್ನುವುದಿಲ್ಲ. ಬಿಸಿಲೇರಿದರೆ ಕೆರೆಯ ನಾತ ಮೂಗಿಗೆ ಬಡಿಯುತ್ತದೆ, ಹೊತ್ತು ಇಳಿದರೆ ಸೊಳ್ಳೆ ಮುತ್ತುತ್ತದೆ. ಇಲ್ಲಿಯವರು ಕೆರೆ ನೋಡಲಿಕ್ಕೆ ದುಡ್ಡು ಸುರಿದು, ಆಮೇಲೆ ಕಿಟಕಿ ಮುಚ್ಚಿಕೊಂಡು ಒಳಗೆ ಕೂರುತ್ತಾರೆ. ಆ ಕಿಟಕಿಗಳಿಗೆ ಸೊಳ್ಳೆ ಜಾಲರಿ ಹಾಕುವುದು ನನ್ನ ಕೆಲಸ. ಶಾಲೆಯನ್ನು ಅರ್ಧಕ್ಕೇ ಬಿಟ್ಟು ಅಲ್ಯೂಮಿನಿಯಂ ಅಂಗಡಿ ಸೇರಿದೆ. ಈ ಕಟ್ಟಡದ ಬಹಳಷ್ಟು ಮನೆಗಳನ್ನು ಒಳಗಿನಿಂದ ನೋಡಿದ್ದೇನೆ. ಒಂದರಲ್ಲೂ ಕೆರೆ ನೋಡುತ್ತ ಕೂತವರನ್ನು ನೋಡಿಲ್ಲ.

ಅಮ್ಮನ ಗಿರಾಕಿಗಳೆಲ್ಲ ಆಚೆ ದಡದವರು. ಆಸ್ಪತ್ರೆಯ ಆಯಾಗಳು, ಬಟ್ಟೆ ಅಂಗಡಿಯ ಹುಡುಗಿಯರು, ಮಕ್ಕಳ ಯೂನಿಫಾರಂ ಹೊಲಿಸುವ ತಾಯಂದಿರು. ಕೆರೆಯ ಅಂಚಿನ ದಾರಿ ಹಿಡಿದು, ಪಾರ್ಕು ದಾಟಿ, ಹಿಂದಿನ ಗೇಟಿನಿಂದ ಒಳಗೆ ಬಂದರೆ ನಮ್ಮ ಮನೆ. ಆ ಗೇಟು ಇಲ್ಲದಿದ್ದರೆ ಮುಖ್ಯರಸ್ತೆಗೆ ಹೋಗಿ, ಬಸ್ಸು ಹಿಡಿದು, ಕೆರೆಯನ್ನು ಪೂರ್ತಿ ಸುತ್ತಿಕೊಂಡು ಬರಬೇಕು. ಒಂದು ಅಂಗಿಯ ತೋಳು ಮೋಟು ಮಾಡಿಸಲು ಯಾರು ಅಷ್ಟು ದೂರ ಸುತ್ತುತ್ತಾರೆ?

ಸೋಮವಾರ ಬೀಗ ಬಿತ್ತು. ಮಂಗಳವಾರ ಫೋನುಗಳು ಶುರುವಾದವು.

"ಅಕ್ಕಾ, ಗೇಟ್ ಹತ್ರ ನಿಂತಿದ್ದೀನಿ. ಯಾರಿಗೆ ಹೇಳ್ಲಿ?"

"ಅಲ್ಲೇ ಇರು, ಬಂದೆ," ಎಂದು ಅಮ್ಮ ಒಲೆಯ ಮೇಲಿದ್ದುದನ್ನು ಹಾಗೇ ಬಿಟ್ಟು ಕೆಳಗೆ ಓಡುವಳು. ಕಂಬಿಗಳ ನಡುವೆ ಕೈ ತೂರಿಸಿ ಬಟ್ಟೆ ತೆಗೆದುಕೊಳ್ಳುವಳು. ಕಂಬಿಗಳ ನಡುವೆಯೇ ಟೇಪು ಹಿಡಿದು ಅಳತೆ. ಒಬ್ಬಳ ಎದೆಯ ಸುತ್ತಳತೆ ತೆಗೆಯಬೇಕಾದಾಗ ಆಕೆ ಕಂಬಿಗೆ ಬೆನ್ನು ಕೊಟ್ಟು ನಿಂತಿದ್ದಳು. ಪಾರ್ಕಿನಲ್ಲಿ ವಾಕಿಂಗ್ ಬಂದವರೆಲ್ಲ ಅದನ್ನೇ ನೋಡುತ್ತ ಹೋದರು. ಆ ವಾರ ನಮ್ಮ ಮನೆಯಲ್ಲಿ ಅನ್ನ ಎರಡು ಸಲ ತಳ ಹಿಡಿಯಿತು.

"ಇದು ಅನ್ನಾನಾ, ಇದ್ದಿಲಾ?" ಅಂದಳು ಅಕ್ಕ. ಅವಳು ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಟೋಕನ್ ಕೊಡುವವಳು. ದಿನವಿಡೀ ಜನರ ನೋವಿನ ಮುಖ ನೋಡಿ ಬರುತ್ತಾಳೆ, ಮನೆಯಲ್ಲಿ ಅವಳಿಗೆ ಸಹನೆ ಉಳಿದಿರುವುದಿಲ್ಲ.

"ನಿಮ್ಮಪ್ಪನ್ನ ಕೇಳು. ಜವಾಬ್ದಾರಿ ಅವರದ್ದು," ಅಂದಳು ಅಮ್ಮ.

"ಗೇಟಿಗೂ ಅನ್ನಕ್ಕೂ ಏನೇ ಸಂಬಂಧ?" ಅಪ್ಪ ಕಪ್ಪಗಾದ ಭಾಗವನ್ನು ತಟ್ಟೆಯ ಅಂಚಿಗೆ ತಳ್ಳಿದ.

"ನಾಳೆ ನೀವು ಒಂದ್ಸಲ ಒಲೆ ಮುಂದೆ ನಿಂತ್ಕೊಳ್ಳಿ, ಒಂದ್ಸಲ ಗೇಟ್ ಮುಂದೆ ನಿಂತ್ಕೊಳ್ಳಿ. ಸಂಬಂಧ ಗೊತ್ತಾಗುತ್ತೆ."

ಅಪ್ಪ ಒಂದು ದಿನ ಯೋಚಿಸಿದ. ಯೋಚಿಸದೆ ಇದ್ದಿದ್ದರೇ ಚೆನ್ನಾಗಿತ್ತು. ಮಾರನೆಯ ದಿನ ಅಂಗಿ ಪ್ಯಾಕೆಟ್ಟಿನೊಳಗಿನ ರಟ್ಟುಗಳನ್ನೆಲ್ಲ ತೆಗೆದು, ಅಮ್ಮನ ಕತ್ತರಿಯಲ್ಲೇ ತುಂಡು ತುಂಡಾಗಿ ಕತ್ತರಿಸಿದ. ಬಟ್ಟೆ ಕತ್ತರಿಯಲ್ಲಿ ರಟ್ಟು ಕತ್ತರಿಸಬಾರದೆಂದು ನಮ್ಮ ಮನೆಯ ನೊಣಕ್ಕೂ ಗೊತ್ತು. ಆ ತುಂಡುಗಳ ಮೇಲೆ ಹೆಸರು, ನಂಬರು, ಕೆಳಗೆ ತನ್ನ ಸಹಿ.

"ಪಾಸು," ಅಂದ. "ಸಂಜೆ ಒಂದು ಗಂಟೆ ಹೊತ್ತು ಗೇಟು ತೆಗೀತೀನಿ. ಪಾಸ್ ತೋರಿಸಿ ಬರ್ಲಿ, ಪಾಸ್ ತೋರಿಸಿ ಹೋಗ್ಲಿ. ಕಮಿಟಿನೂ ಒಪ್ಪಿದೆ."

ಕಂಡಕ್ಟರಾಗಿದ್ದ ಕಾಲದ ಟಿಕೆಟ್ ಪಂಚ್ ಅವನ ಬಳಿ ಇನ್ನೂ ಇತ್ತು. ಎಣ್ಣೆ ಬಿಟ್ಟು ಒರೆಸಿ ಅದನ್ನೂ ಜೇಬಿಗಿಳಿಸಿದ.

"ಬಸ್ಸೇ ಇಲ್ಲ, ಇವನು ಟಿಕೆಟ್ ಹರೀತಾನೆ," ಅಂದಳು ಅಜ್ಜಿ.

ಸಂಜೆಯಾದರೆ ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಗೇಟಿನ ಬಳಿ ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂರುವನು. ಬಂದವರ ಪಾಸ್ ಇಸಿದುಕೊಂಡು, ಬೆಳಕಿಗೆ ಹಿಡಿದು ನೋಡಿ, ಕಟ್ ಎಂದು ಒಂದು ತೂತು ಹೊಡೆದು ಕೊಡುವನು. ಅವರೆಲ್ಲ ಅವನಿಗೆ ಗೊತ್ತಿಲ್ಲದವರೇನಲ್ಲ. ಅಕ್ಕಪಕ್ಕದ ಮನೆಗಳಲ್ಲಿದ್ದವರು, ನಮ್ಮ ಅಜ್ಜಿಗೆ ಜ್ವರ ಬಂದಾಗ ಗಂಜಿ ತಂದುಕೊಟ್ಟವರು.

"ಏನಣ್ಣಾ, ನನ್ನ ಗುರುತು ಸಿಗ್ಲಿಲ್ವಾ?" ಎಂದು ಒಬ್ಬಾಕೆ ನಗುತ್ತ ಕೇಳಿದಳು.

"ಗುರುತು ಬೇರೆ, ರೂಲ್ಸ್ ಬೇರೆ ಕಣಮ್ಮ. ಬ್ಯಾಗಲ್ಲಿ ಏನಿದೆ?"

ಆಕೆಯ ನಗು ನಿಂತಿತು. ಮುಂದಿನ ವಾರ ಆಕೆ ಬರಲಿಲ್ಲ. ಇನ್ನೂ ಹಲವರು ಬರಲಿಲ್ಲ.

ಇವರೆಲ್ಲ ಹೋದರೂ ಅಮ್ಮ ತಡೆದುಕೊಳ್ಳುತ್ತಿದ್ದಳೇನೋ. ಆದರೆ ಲೀಡರ್ ಹೋದರೆ ಹೊಲಿಗೆಯೇ ಮುಗಿದಂತೆ. ಲೀಡರ್ ಅಂದರೆ ಆಸ್ಪತ್ರೆಯ ಆಯಾಗಳ ಮೇಲಿನವಳು. ನಿಜವಾದ ಹೆಸರನ್ನು ಯಾರೂ ಬಳಸುವುದಿಲ್ಲ. ವರ್ಷಕ್ಕೊಮ್ಮೆ ಎಲ್ಲ ಆಯಾಗಳಿಗೂ ಹೊಸ ಯೂನಿಫಾರಂ ಆಗುತ್ತದೆ. ಆ ಬಟ್ಟೆಯ ಗಂಟು ಲೀಡರ್ ಕೈಯಿಂದ ನೇರ ಅಮ್ಮನ ಕೈಗೆ ಬರುತ್ತಿತ್ತು. ಅದೊಂದರಲ್ಲಿ ಅಮ್ಮನ ಅರ್ಧ ವರ್ಷ ನಡೆಯುತ್ತಿತ್ತು.

ಆ ಸಲ ಲೀಡರಿಗೆ ಡ್ಯೂಟಿ ಇತ್ತು. ತಂಗಿಯ ತಲೆ ಮೇಲೆ ಗಂಟು ಹೊರಿಸಿ, ತನ್ನ ಪಾಸ್ ಕೊಟ್ಟು ಕಳಿಸಿದ್ದಳು. ನಾನು ಕೆಲಸ ಮುಗಿಸಿ ಬರುವಾಗ ಆ ಹುಡುಗಿ ಗೇಟಿನಾಚೆ ನಿಂತಿದ್ದಳು. ಅಪ್ಪ ಈಚೆ ಕೂತಿದ್ದ.

"ಇದು ನಿನ್ನ ಹೆಸರಲ್ಲಿಲ್ಲ."

"ಅಕ್ಕನ ಹೆಸರಲ್ಲಿದೆ ಅಂಕಲ್. ಗಂಟು ಇಟ್ಟು ಹೋಗ್ಬಿಡ್ತೀನಿ."

"ಒಬ್ಬರ ಪಾಸಲ್ಲಿ ಇನ್ನೊಬ್ಬರು ಬರೋ ಹಾಗಿಲ್ಲ. ನಾಳೆ ಅಕ್ಕನ್ನೇ ಕಳ್ಸು."

"ಅಪ್ಪಾ, ಅದು ಅಮ್ಮನ ಆರ್ಡರು," ಅಂದೆ ನಾನು.

"ನೀನು ಮಧ್ಯೆ ಬಾಯಿ ಹಾಕ್ಬೇಡ. ಇವತ್ತು ಒಬ್ಬರನ್ನ ಬಿಟ್ರೆ ನಾಳೆ ಎಲ್ಲರೂ ಅದನ್ನೇ ಮಾಡ್ತಾರೆ. ಜೀವನವೆಲ್ಲ ನೋಡಿದ್ದೀನಿ."

ನಾನು ಅಪ್ಪನ ಕೈಯಿಂದ ಪಾಸ್ ಕಿತ್ತುಕೊಂಡು ಎರಡು ತುಂಡು ಮಾಡಿ ಅವನ ಕಾಲ ಬಳಿ ಎಸೆದೆ. ಆಗಬೇಕಾದದ್ದು ಅದಲ್ಲ. ಗೇಟು ತೆಗೆದು ಗಂಟು ಇಳಿಸಿಕೊಳ್ಳಬೇಕಿತ್ತು. ನಾವಿಬ್ಬರೂ ಒಬ್ಬರಿಗೊಬ್ಬರು ಕಿರುಚಾಡುತ್ತ ನಿಂತೆವು. ತಿರುಗಿ ನೋಡಿದಾಗ ಹುಡುಗಿ ಗಂಟು ಹೊತ್ತು ಕೆರೆಯ ದಾರಿಯಲ್ಲಿ ದೂರ ಹೋಗಿದ್ದಳು.

ಮಾರನೆಯ ಬೆಳಿಗ್ಗೆ ಲೀಡರ್ ಫೋನ್ ಮಾಡಿದಳು. ಅಮ್ಮ ಸ್ಪೀಕರ್ ಹಾಕಿ ಅಪ್ಪನ ಟೀ ಲೋಟದ ಪಕ್ಕದಲ್ಲಿ ಇಟ್ಟಳು.

"ಅಕ್ಕಾ, ನಿನ್ನ ಮೇಲೆ ನನಗೇನೂ ಬೇಜಾರಿಲ್ಲ. ಆದರೆ ನನ್ನ ತಂಗೀನ ಕಳ್ಳಿ ಥರ ನಿಲ್ಲಿಸಿದ್ರಂತೆ. ನೀನು ನಮ್ಮ ಕಡೆ ಬಂದು ಹೊಲಿದುಕೊಡೋದಾದ್ರೆ ಗಂಟು ನಿನ್ನದೇ. ನಾವ್ಯಾರೂ ನಿಮ್ಮ ಕಡೆ ಬರಲ್ಲ. ವಾರದೊಳಗೆ ಹೇಳು, ಇಲ್ಲಾಂದ್ರೆ ಮಾರ್ಕೆಟ್ ಹತ್ರದ ಟೈಲರಿಗೆ ಕೊಡ್ತೀನಿ."

ಫೋನ್ ಕಟ್ಟಾಯಿತು. ಅಪ್ಪ ಟೀ ಗುಟುಕರಿಸಿದ.

"ಕೊಬ್ಬು ನೋಡು," ಅಂದ.

"ಹೂಂ, ನೋಡ್ತಾನೇ ಇದ್ದೀನಿ," ಅಂದಳು ಅಮ್ಮ, ಅವನನ್ನೇ ನೋಡುತ್ತ.

ಅದೇ ವಾರ ನನ್ನನ್ನು ಏಳನೇ ಮಹಡಿಯ ಅಧ್ಯಕ್ಷರ ಮನೆಗೆ ಜಾಲರಿ ಹಾಕಲು ಕರೆದರು. ಅಸೋಸಿಯೇಷನ್ನಿನ ಅಧ್ಯಕ್ಷ ಹಗಲಿಡೀ ಟ್ರ್ಯಾಕ್‌ಸೂಟಿನಲ್ಲೇ ಇರುವ ಮನುಷ್ಯ, ಓಡಿದ್ದನ್ನು ಮಾತ್ರ ನಾನು ನೋಡಿಲ್ಲ. ಆಗ ಆತ ಮನೆಯಲ್ಲಿರಲಿಲ್ಲ. ಹೆಂಡತಿ ಸೋಫಾದ ಮೇಲೆ ಕೂತು ನಾನು ಫ್ರೇಮ್ ಕೂರಿಸುವುದನ್ನು ನೋಡುತ್ತಿದ್ದರು.

"ನಿಮ್ಮಮ್ಮ ಒಳ್ಳೆಯವರೇ ಪಾಪ," ಅಂದರು, ನಾನು ಏನೂ ಕೇಳದಿದ್ದರೂ. "ಆದರೆ ಲಿಫ್ಟಲ್ಲಿ ಯಾರ್ಯಾರೋ ಗಂಟು ಮೂಟೆ ಹಿಡ್ಕೊಂಡು ಬಂದ್ರೆ ಹೇಗೆ ಹೇಳು? ನಿಮ್ಮಪ್ಪನೇ ಮೀಟಿಂಗಲ್ಲಿ ಅಂದ್ರಲ್ಲ, ಅವರ ಕಾಟ ತಪ್ಪಿದ್ರೆ ನಮ್ಮನೆಗೂ ನೆಮ್ಮದಿ ಅಂತ. ಮೊದಲು ಕೈ ಎತ್ತಿದ್ದೂ ಅವರೇ. ದೊಡ್ಡ ಮನುಷ್ಯರು."

ನನ್ನ ಕೈಯಲ್ಲಿದ್ದ ಸ್ಕ್ರೂ ಜಾರಿ ಕಿಟಕಿಯಿಂದ ಕೆಳಗೆ ಬಿತ್ತು. ಕೆಲಸ ಮುಗಿಸಿದೆ. ಹೇಗೆ ಮುಗಿಸಿದೆನೋ ಗೊತ್ತಿಲ್ಲ. ಆ ಕಿಟಕಿಯ ಮೂಲೆಯಲ್ಲಿ ಇವತ್ತಿಗೂ ಸೊಳ್ಳೆ ನುಗ್ಗುತ್ತಿದ್ದರೆ ನನಗೆ ಸಂತೋಷ.

ಸಂಜೆ ಎಲ್ಲರೂ ಬೇಳೆ ಅನ್ನ ಮುಂದಿಟ್ಟುಕೊಂಡು ಕೂತಾಗ ಕೇಳಿದೆ.

"ಮೊದಲು ಕೈ ಎತ್ತಿದ್ದು ನೀನಂತೆ ಹೌದಾ?"

ಅಪ್ಪ ಅನ್ನಕ್ಕೆ ಇನ್ನೊಂದು ಸೌಟು ಬೇಳೆ ಹಾಕಿಕೊಂಡ.

"ಅವರ ಕಾಟ ತಪ್ಪಿದ್ರೆ ನೆಮ್ಮದಿ ಅಂದ್ಯಂತೆ. ಅವರು ಅಂದ್ರೆ ಯಾರು? ಮೊನ್ನೆಯವರೆಗೆ ನಾವೇ ಅಲ್ವಾ ಅವರು?"

"ಊಟದ ಹೊತ್ತಲ್ಲಿ ಬೇಡ ಕಣೋ," ಅಂದಳು ಅಕ್ಕ.

"ಊಟದ ಹೊತ್ತಲ್ಲೇ ಬೇಕು. ಈ ಅನ್ನದಲ್ಲಿ ಅವರ ದುಡ್ಡಿದೆ."

ಅಪ್ಪ ತಟ್ಟೆ ಸರಿಸಿದ. "ಆವತ್ತು ಅಲ್ಲಿ ಕೂತಿದ್ದಿದ್ರೆ ನಿನಗೆ ಗೊತ್ತಾಗ್ತಿತ್ತು. ಎಲ್ಲರ ಮುಂದೆ ಒಬ್ಬ ಕೇಳ್ದ, ಇನ್‌ಸ್ಪೆಕ್ಟ್ರೇ, ನಿಮ್ಮದು ಫ್ಲಾಟೋ ಅಂಗಡಿಯೋ ಅಂತ. ನಕ್ಕರು. ನಾನು ಏನನ್ನಬೇಕಿತ್ತು?"

"ಅಂಗಡಿ ಅನ್ನಬೇಕಿತ್ತು," ಅಂದಳು ಅಮ್ಮ.

ಅಪ್ಪ ಸರಿಸಿದ ತಟ್ಟೆಯನ್ನು ಅವಳು ಮತ್ತೆ ಅವನ ಮುಂದಕ್ಕೆ ತಳ್ಳಿದಳು.

"ಅಂಗಡಿನೇ ತಾನೇ," ಅಂದಳು ಮತ್ತೆ. "ಆ ಅಂಗಡಿಯಿಂದಾನೇ ಈ ಗೋಡೆ ಬಂದಿದ್ದು. ಒಳಗೆ ಬಂದ್ಮೇಲೆ ನಿಮಗೆ ಬಾಗಿಲು ಬೇಡವಾಯ್ತು."

ನಾನು ಎದ್ದು ಕೈ ತೊಳೆದು ಕೆಲಸದ ಬ್ಯಾಗು ಎಳೆದೆ. ಅದರಲ್ಲಿ ಅಲ್ಯೂಮಿನಿಯಂ ಕೊಯ್ಯುವ ಮೆಷಿನ್ ಇತ್ತು. ಕಬ್ಬಿಣ ಕೊಯ್ಯುವ ಬ್ಲೇಡೂ ಇತ್ತು.

"ಎಲ್ಲಿಗೋ?" ಅಂದಳು ಅಮ್ಮ.

"ಬೀಗ ಕೊಯ್ತೀನಿ."

"ಕೂತ್ಕೋ."

"ಅಮ್ಮಾ, ಎರಡು ನಿಮಿಷದ ಕೆಲಸ."

"ಹೌದು, ನಿನಗೆ ಎರಡು ನಿಮಿಷ. ನಾಳೆ ಬೆಳಿಗ್ಗೆ ಬೀಗ ಒಡೆದಿರುತ್ತೆ. ಯಾರು ಒಡೆದ್ರು ಅಂತಾರೆ? ಆಚೆಯವರು ಅಂತಾರೆ. ಪೊಲೀಸರು ಯಾರ ಮನೆ ಬಾಗಿಲು ತಟ್ತಾರೆ? ನಿನ್ನದಲ್ಲ. ತಟ್ಟೆ ತೆಗೆದಿಟ್ಟು ಕೂತ್ಕೋ."

ಕೂತೆ. ಅವಳು ಹೇಳಿದ್ದು ಸರಿ ಅನ್ನುವುದೇ ಇನ್ನೂ ಸಿಟ್ಟು ತರಿಸಿತು.

ಮಾರನೆಯ ದಿನ ಅಮ್ಮ ಬೆಳಿಗ್ಗೆಯೇ ಬಸ್ಸು ಹತ್ತಿ ಆಚೆ ದಡಕ್ಕೆ ಹೋದಳು. ಮಧ್ಯಾಹ್ನ ಬಂದು, ನೀರು ಕುಡಿದು, ಮೆಷಿನ್ನಿನಿಂದ ಸೂಜಿ ಬಿಚ್ಚಿದಳು.

"ಏನೇ ಮಾಡ್ತಿದೀಯ?" ಅಂದ ಅಪ್ಪ.

"ಹಿಟ್ಟಿನ ಗಿರಣಿ ಪಕ್ಕ ಒಂದು ಸಣ್ಣ ಮಳಿಗೆ ಇದೆ. ಗಿರಣಿಯವಳು ಕೊಡ್ತೀನಿ ಅಂದಿದಾಳೆ. ನಾಳೆಯಿಂದ ಅಲ್ಲಿ ಹೊಲೀತೀನಿ."

"ಮನೆ?"

"ಮನೆ ಇಲ್ಲೇ ಇರುತ್ತೆ. ಎಲ್ಲಿಗೆ ಹೋಗುತ್ತೆ?"

"ಅಡುಗೆ?"

ಅಮ್ಮ ಕೈಯಲ್ಲಿದ್ದ ಸೂಜಿಯನ್ನು ದಾರದುಂಡೆಗೆ ಚುಚ್ಚಿದಳು. "ಬೆಳಿಗ್ಗೆದು ಮಾಡಿಟ್ಟು ಹೋಗ್ತೀನಿ. ಮಧ್ಯಾಹ್ನದ್ದು, ಅತ್ತೆಯವರ ಮಾತ್ರೆ, ಬಟ್ಟೆ ಒಣಗಿಸೋದು, ನೀರು ಬಂದಾಗ ಹಿಡಿಯೋದು, ಇದೆಲ್ಲ ನಿಮ್ಮ ಜವಾಬ್ದಾರಿ. ಕಮಿಟಿ ಕೊಟ್ರೆ ಮಾತ್ರ ತಗೋತೀರೋ, ನಾನು ಕೊಟ್ರೂ ತಗೋತೀರೋ?"

ನಾನು ಕೆಲಸ ಮಾಡುವ ಅಂಗಡಿಯ ಗೂಡ್ಸ್ ಗಾಡಿ ತಂದೆ. ಕಿಟಕಿ ಫ್ರೇಮುಗಳ ನಡುವೆ ಮೆಷಿನ್ ಮಲಗಿಸಿ ಹಗ್ಗ ಬಿಗಿದೆ. ಅಕ್ಕ ಕ್ಲಿನಿಕ್ಕಿಗೆ ಅರ್ಧ ದಿನ ರಜೆ ಹಾಕಿ, ದಾರದ ಡಬ್ಬಿಗಳನ್ನು ಮಡಿಲಲ್ಲಿಟ್ಟುಕೊಂಡು ಬಂದಳು. ಕೆಳಗೆ ನಿಂತಿದ್ದ ಅಪ್ಪ ಒಂದು ಸಲ ಗಾಡಿಯ ಹಗ್ಗ ಎಳೆದು ನೋಡಿದ. "ಇಲ್ಲಿ ಸಡಿಲ ಇದೆ," ಅಂದ. ಇರಲಿಲ್ಲ.

ಮಳಿಗೆ ಅಂದರೆ ಮೂರು ಗೋಡೆ, ಒಂದು ಶಟರು. ಒಳಗೆ ಹಿಟ್ಟಿನ ಧೂಳು. ಅಮ್ಮ ಸೆರಗು ಸಿಕ್ಕಿಸಿ ಗುಡಿಸಿದಳು, ನಾನು ಬಲ್ಬು ಹಾಕಿದೆ. ನಾವು ಮೆಷಿನ್ ಇಳಿಸುವ ಹೊತ್ತಿಗೇ ಲೀಡರ್ ಗಂಟು ಹೊತ್ತ ತಂಗಿಯನ್ನು ಕರೆದುಕೊಂಡು ಬಂದಳು.

"ಇನ್ನೂ ಕೂತೇ ಇಲ್ಲ, ಆಗಲೇ ಬಂದ್ಯಾ?" ಅಂದಳು ಅಮ್ಮ.

"ನೀನು ಕೂತ್ಮೇಲೆ ಸಾಲು ದೊಡ್ಡದಾಗುತ್ತೆ ಅಕ್ಕಾ."

ಅಮ್ಮ ಆ ತಂಗಿಯ ಎದುರು ನಿಂತು, "ಆವತ್ತು ನಮ್ಮನೆಯವರು ಮಾಡಿದ್ದು ತಪ್ಪು," ಅಂದಳು. ಹುಡುಗಿ ಗಂಟನ್ನು ತಲೆಯಿಂದ ಇಳಿಸಿದಳು. ಅಮ್ಮ ಗಂಟು ಬಿಚ್ಚಿ ಬಟ್ಟೆಯ ಅಂಚು ಉಜ್ಜಿ ನೋಡಿದಳು.

ಆಮೇಲಿನ ವಾರಗಳು ನಮ್ಮ ಮನೆಯಲ್ಲಿ ಹೇಗೆ ಕಳೆದವೆಂದರೆ, ಶತ್ರುವಿಗೂ ಬೇಡ. ಅಪ್ಪನ ಅನ್ನ ಒಂದು ದಿನ ಗಂಜಿ, ಒಂದು ದಿನ ಕಲ್ಲು.

"ಉಪ್ಪು ಹಾಕಿದ್ಯೇನೋ?" ಅಜ್ಜಿ ಕೇಳುವಳು.

"ಹಾಕಿದ್ದೀನಮ್ಮ."

"ಯಾವುದಕ್ಕೆ?"

ಒಮ್ಮೆ ಅಕ್ಕನ ಬಿಳಿ ಕೋಟನ್ನು ನನ್ನ ಕೆಂಪು ಬನಿಯನ್ ಜೊತೆ ನೆನೆಹಾಕಿದ. ಅವಳು ಗುಲಾಬಿ ಕೋಟಿನಲ್ಲಿ ಕ್ಲಿನಿಕ್ಕಿಗೆ ಹೋಗಿ, ಬಂದು, ಎರಡು ದಿನ ಮಾತು ಬಿಟ್ಟಳು. ನೀರು ಬಂದಾಗ ಅವನು ಗೇಟಿನ ಬಳಿ ಇದ್ದ. ಗೇಟಿನ ಬಳಿ ಇದ್ದಾಗ ಪಾಸ್ ತೋರಿಸುವವರು ಒಬ್ಬರೂ ಇರಲಿಲ್ಲ. ಆದರೂ ಆ ಒಂದು ಗಂಟೆ ಕುರ್ಚಿ ಹಾಕಿ ಕೂರುತ್ತಿದ್ದ. ವಾಕಿಂಗಿನವರ ನಾಯಿ ಮಾತ್ರ ಬಂದು ಕುರ್ಚಿಯ ಕಾಲು ಮೂಸಿ ಹೋಗುತ್ತಿತ್ತು.

ಅಮ್ಮ ಬಸ್ಸಿನಲ್ಲಿ ಸುತ್ತಿಕೊಂಡು ದೀಪ ಹಚ್ಚುವ ಹೊತ್ತಿಗೆ ಬರುವಳು. ಕೂದಲಲ್ಲಿ ಹಿಟ್ಟು, ಕಾಲು ಊದಿರುತ್ತಿತ್ತು. ಅಪ್ಪ ಮಾಡಿಟ್ಟದ್ದನ್ನು ಎರಡು ಮಾತಿಲ್ಲದೆ ಉಣ್ಣುವಳು. ಅದು ಅಪ್ಪನಿಗೆ ಅಜ್ಜಿಯ ಬೈಗುಳಕ್ಕಿಂತ ಕಷ್ಟವಾಗಿತ್ತೆಂದು ಕಾಣುತ್ತದೆ.

"ಚೆನ್ನಾಗಿಲ್ಲ ಅಂತಾದ್ರೂ ಅನ್ನೇ," ಅಂದ ಒಂದು ದಿನ.

"ಹಸಿವಿದೆ ರೀ," ಅಂದಳು.

ಕೊನೆಗೆ ಗೇಟು ತೆರೆಯಿತು. ಅಮ್ಮನಿಗಾಗಿ ಅಂದುಕೊಂಡರೆ ಮೂರ್ಖತನ. ಈ ಕಟ್ಟಡದ ಪಾತ್ರೆ ತೊಳೆಯುವವರು, ನೆಲ ಒರೆಸುವವರು, ಮಗು ನೋಡಿಕೊಳ್ಳುವವರು ಎಲ್ಲರೂ ಆಚೆ ದಡದವರೇ. ಬಸ್ಸು ಹಿಡಿದು ಸುತ್ತಿ ಬರುವಷ್ಟರಲ್ಲಿ ತಡ, ತಡವಾದರೆ ಒಂದು ಮನೆ ಬಿಡಬೇಕು, ಬಸ್ಸಿನ ಚಾರ್ಜು ಕೊಡಿ ಎಂದು ಕೇಳಬೇಕು. ಕೆಲವರು ಕೆಲಸವನ್ನೇ ಬಿಟ್ಟರು. ಏಳನೇ ಮಹಡಿಯ ಸಿಂಕಿನಲ್ಲಿ ಮೂರು ದಿನದ ಪಾತ್ರೆ ಕೂತಿತಂತೆ. ಟ್ರ್ಯಾಕ್‌ಸೂಟ್ ಮನುಷ್ಯ ತುರ್ತು ಮೀಟಿಂಗ್ ಕರೆದ. ಮತ್ತೆ ಎಲ್ಲರೂ ಕೈ ಎತ್ತಿದರು.

ಅಪ್ಪ ಅವತ್ತು ಮೆಟ್ಟಿಲು ಹತ್ತಿಯೇ ಬಂದ, ಲಿಫ್ಟಿಗೆ ಕಾಯಲಿಲ್ಲ. ಅಮ್ಮ ಆಗಷ್ಟೇ ಬಂದು ಊಟಕ್ಕೆ ಕೂತಿದ್ದಳು.

"ಗೇಟು ತೆಗೆಸಿದೆ," ಅಂದ.

"ನೀನು ತೆಗೆಸಿದ್ಯಾ?" ಅಂದೆ.

"ಲೋ, ನಾನೂ ಮಾತಾಡಿದೆ ಕಣೋ. ಬೆಳಿಗ್ಗೆಯಿಂದ ಸಂಜೆವರೆಗೆ ತೆಗೆದೇ ಇರುತ್ತೆ. ಪಾಸೂ ಇಲ್ಲ, ಏನೂ ಇಲ್ಲ." ಅಮ್ಮನ ಎದುರು ಕೂತ. "ನಾಳೆ ಇವನು ಗಾಡಿ ತರ್ಲಿ. ಮೆಷಿನ್ ತಂದು ಹಾಕೋಣ. ಜಾಗ ಹಾಗೇ ಇದೆ, ನಾನೇ ಒರೆಸಿಟ್ಟಿದ್ದೀನಿ."

ಅಮ್ಮ ತುತ್ತು ನುಂಗಿದಳು. "ಗೇಟು ತೆಗೆದಿದ್ದು ಒಳ್ಳೇದಾಯ್ತು ಬಿಡಿ. ಕಾಲು ನೋವು ಸ್ವಲ್ಪ ಕಡಿಮೆಯಾಗುತ್ತೆ. ನಾಳೆಯಿಂದ ಬಸ್ ಬೇಡ, ಪಾರ್ಕಲ್ಲೇ ನಡ್ಕೊಂಡು ಹೋಗ್ತೀನಿ."

"ಎಲ್ಲಿಗೆ?"

"ಅಂಗಡಿಗೆ."

"ಈಗ ಅವರೇ ಬರಬಹುದಲ್ಲೇ ಇಲ್ಲಿಗೆ."

"ಬರಬಹುದು. ಕರೆಯೋಕೆ ನನಗೆ ಮುಖ ಇಲ್ಲ." ಅವಳು ತಟ್ಟೆಯಲ್ಲಿ ಉಳಿದದ್ದನ್ನು ಬೆರಳಿನಿಂದ ಒಟ್ಟು ಮಾಡಿದಳು. "ಅಲ್ಲಿ ಬಂದವರು ನೇರ ಒಳಗೆ ಬಂದು ಕೂರ್ತಾರೆ. ಯಾರೂ ಅವರ ಬ್ಯಾಗ್ ನೋಡಲ್ಲ. ಗಿರಣಿ ಸದ್ದಿದೆ, ಧೂಳಿದೆ. ಇರ್ಲಿ."

"ಎಷ್ಟು ದಿನ ಹೀಗೆ?"

"ಕಣ್ಣು ಕಾಣೋವರೆಗೆ."

ಅಪ್ಪ ಅಜ್ಜಿಯ ಕಡೆ ನೋಡಿದ. ಅಜ್ಜಿ ಮಾತ್ರೆ ಬಾಯಿಗೆ ಹಾಕಿಕೊಂಡು ನೀರು ಕುಡಿಯುತ್ತಿದ್ದಳು. ಅಕ್ಕನ ಕಡೆ ನೋಡಿದ. ಅವಳು ಫೋನ್ ನೋಡುತ್ತಿದ್ದಳು. ನನ್ನ ಕಡೆ ಮಾತ್ರ ನೋಡಲಿಲ್ಲ.

ಅಮ್ಮ ಎದ್ದು, ಕೈ ತೊಳೆದು, ಗೋಡೆಗೆ ಒರಗಿ ಕಾಲು ಚಾಚಿ ಕೂತಳು. "ನಾಳೆ ಬೇಳೆ ಸ್ವಲ್ಪ ಮೊದಲೇ ನೆನೆಹಾಕಿ," ಅಂದಳು. "ಇವತ್ತು ಬೆಂದಿರ್ಲಿಲ್ಲ."

ಅಪ್ಪ "ಆಯ್ತು" ಅಂದ. ಎಲ್ಲರ ತಟ್ಟೆ ಒಂದರ ಮೇಲೊಂದು ಪೇರಿಸಿಕೊಂಡು ಸಿಂಕಿಗೆ ಹೋದ. ತೊಳೆದ. ಸರಿಯಾಗಿ ತೊಳೆಯಲಿಲ್ಲ, ಅಂಚಿನಲ್ಲೆಲ್ಲ ಜಿಡ್ಡು ಹಾಗೇ ಇತ್ತು. ನಾನು ಹತ್ತಿರ ಹೋಗಿ ಅವನನ್ನು ಭುಜದಿಂದ ಸರಿಸಿ, ಬೈದುಕೊಳ್ಳುತ್ತ ಎಲ್ಲವನ್ನೂ ಮತ್ತೆ ತೊಳೆದೆ. ಅವನು ಹೋಗಲಿಲ್ಲ. ತೊಳೆದ ತಟ್ಟೆಗಳನ್ನು ಒಂದೊಂದಾಗಿ ಇಸಿದುಕೊಂಡು ಒರೆಸುತ್ತ ನಿಂತ.